ಎವರ್‌ನೋಟ್‌ನಲ್ಲಿ 1,400 ನೋಟ್ ಇದೆ, ಈಗ ಏನ್ ಮಾಡ್ಲಿ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಹಾಸನದ ಕಡೆ ಹೈಸ್ಕೂಲಲ್ಲಿ ವಿಜ್ಞಾನದ ಟೀಚರ್. 2013ರಿಂದ ಎವರ್‌ನೋಟ್ ಅನ್ನೋ ನೋಟ್ಸ್ ಆ್ಯಪ್ ಬಳಸ್ತಿದೀನಿ, ಪಾಠದ ಟಿಪ್ಪಣಿ, ಅಮ್ಮ ಹೇಳಿ ಬರೆಸಿದ ಅಡುಗೆ, ಮನೆ ಕಟ್ಟಿಸಿದಾಗಿನ ಲೆಕ್ಕ ಎಲ್ಲಾ ಸೇರಿ 1,400 ನೋಟ್ ಇದೆ. ಫ್ರೀ ಅಕೌಂಟು. ಈಗ 50ರ ಮಿತಿ ಅಂತ ಹೇಳಿ ಹೊಸ ನೋಟ್ ಬರೆಯೋಕೇ ಬಿಡ್ತಿಲ್ಲ. ದುಡ್ಡು ಕೊಟ್ಟು ಮುಂದುವರಿಸ್ಲಾ, ಬೇರೆ ಕಡೆ ಹೋಗ್ಲಾ? ಹಳೇದೆಲ್ಲ ಹೋಗ್ಬಿಡುತ್ತೇನೋ ಅಂತ ಭಯ ಆಗ್ತಿದೆ.

ಉತ್ತರ: ಮೇಡಂ, ಮೊದ್ಲು ಆ ಭಯ ಬಿಡಿ. 50 ನೋಟ್, 1 ನೋಟ್‌ಬುಕ್ ಅನ್ನೋ ಮಿತಿ ಫ್ರೀ ಅಕೌಂಟಿಗೆ ಬಂದಿದ್ದು 2023ರ ಡಿಸೆಂಬರ್ 4ರಿಂದ. ಅದಕ್ಕಿಂತ ಜಾಸ್ತಿ ನೋಟ್ ಇದ್ದೋರ ಹಳೇ ನೋಟ್ಸ್ ಅಳಿಸಿಲ್ಲ, ನೋಡ್ಬಹುದು, ತಿದ್ಬಹುದು, ಎಕ್ಸ್‌ಪೋರ್ಟ್ ಮಾಡ್ಕೋಬಹುದು (ಅಂದ್ರೆ ಫೈಲ್ ಆಗಿ ಹೊರಗೆ ತೆಗೆದಿಟ್ಕೋಬಹುದು), ಹೊಸದು ಸೇರಿಸೋಕೆ ಮಾತ್ರ ಆಗಲ್ಲ. ನಿಮ್ಮ 1,400 ನೋಟ್ ಅಲ್ಲೇ ಇದೆ.

ಎವರ್‌ನೋಟ್ 2008ರಲ್ಲಿ ಬಂದಾಗ ಅದರಷ್ಟು ಅನುಕೂಲದ್ದು ಇನ್ನೊಂದು ಇರ್ಲಿಲ್ಲ. ವೆಬ್‌ಪೇಜ್ ಹಂಗೇ ಎತ್ತಿಟ್ಕೋಬಹುದಿತ್ತು, ಫೋಟೋ ಒಳಗಿರೋ ಇಂಗ್ಲಿಷ್ ಅಕ್ಷರಾನೂ ಹುಡುಕಿ ಕೊಡ್ತಿತ್ತು, ಹಾಗಾಗಿ ನಿಮ್ಮಂಗೆ ಸುಮಾರು ಜನ ತಮ್ಮ ಇಡೀ ಬದುಕನ್ನೇ ಅದರೊಳಗೆ ತುಂಬಿದ್ರು. 2016ರಲ್ಲಿ ಫ್ರೀ ಅಕೌಂಟಿಗೆ ಎರಡೇ ಡಿವೈಸ್ ಅಂತ ಮಾಡಿದ್ರು, 2022ರ ನವೆಂಬರ್‌ನಲ್ಲಿ ಇಟಲಿಯ ಮಿಲಾನ್‌ನ ಬೆಂಡಿಂಗ್ ಸ್ಪೂನ್ಸ್ ಅನ್ನೋ ಕಂಪನಿ ಇದನ್ನ ಕೊಂಡುಕೊಳ್ಳೋ ಸುದ್ದಿ ಬಂತು, ಅದಾಗಿ ಒಂದು ವರ್ಷಕ್ಕೆ ಈ 50ರ ಮಿತಿ. ಕಂಪನಿ ನಡೆಸೋಕೆ ದುಡ್ಡು ಬೇಕು, ಅದನ್ನ ತಪ್ಪು ಅನ್ನಲ್ಲ ನಾನು. ಆದ್ರೆ ಮಾಲೀಕರು ಬದಲಾದ್ರೆ ನಿಯಮಾನೂ ಬದಲಾಗುತ್ತೆ, ಬರೆದಿಟ್ಟಿರೋದು ನಮ್ಮದಾದ್ರೂ ಬೀಗದ ಕೈ ಅವರ ಹತ್ರ ಇರುತ್ತೆ. ಅದಕ್ಕೇ ಯಾವ ನೋಟ್ಸ್ ಆ್ಯಪ್ ಬಗ್ಗೆ ಯಾರು ಕೇಳಿದ್ರೂ ನಾನು ಮೊದ್ಲು ನೋಡೋದು ಒಂದೇ, ಒಳಗೆ ಹಾಕಿದ್ದು ಪೂರ್ತಿಯಾಗಿ ಹೊರಗೆ ಬರುತ್ತಾ ಅಂತ.

ನನಗೆ ಈ ಬುದ್ಧಿ ಬಂದಿದ್ದು ಕಷ್ಟಪಟ್ಟೇ. ಅಪ್ಪಂಗೆ ಶುಗರ್ ಜಾಸ್ತಿ ಆದಾಗ ಎರಡು ವರ್ಷದ ರೀಡಿಂಗು, ಯಾವ ದಿನ ಯಾವ ಮಾತ್ರೆ ಬದಲಾಯಿಸಿದ್ರು ಅನ್ನೋದೆಲ್ಲ ಒಂದು ಚಿಕ್ಕ ಆ್ಯಪ್‌ನಲ್ಲಿ ಬರೀತಿದ್ದೆ. ಅದು ನಿಂತೋಗೋ ಹೊತ್ತಿಗೆ ಎಕ್ಸ್‌ಪೋರ್ಟ್ ಕೊಟ್ಟೆ, ಬಂದಿದ್ದು ಒಂದೇ ಒಂದು ಉದ್ದನೆ ಪಿಡಿಎಫ್, ಬರಹ ಎಲ್ಲಾ ಇದೆ, ತಾರೀಖು ಮಾತ್ರ ಒಂದೂ ಇಲ್ಲ. ಡಾಕ್ಟ್ರು "ಈ ಮಾತ್ರೆ ಯಾವಾಗಿಂದ ತಗೋತಿದಾರೆ" ಅಂತ ಕೇಳ್ದಾಗ ಹೇಳೋಕಾಗ್ಲಿಲ್ಲ, ಅಪ್ಪ ನನ್ನ ಮುಖ ನೋಡ್ತಾ ಕೂತಿದ್ರು.

ಹಾಗಾಗಿ ದುಡ್ಡು ಕೊಡ್ತೀರೋ ಬಿಡ್ತೀರೋ ಆಮೇಲೆ, ಈ ಭಾನುವಾರ ಕೂತು ಎಕ್ಸ್‌ಪೋರ್ಟ್ ಮಾಡಿ. ಮೊಬೈಲ್‌ನಲ್ಲಿ ಹುಡುಕ್ಬೇಡಿ, ಕಂಪ್ಯೂಟರ್‌ಗೆ ಎವರ್‌ನೋಟ್ ಹಾಕ್ಕೊಂಡು ಲಾಗಿನ್ ಆಗಿ, ಎಲ್ಲಾ ನೋಟ್ ಸಿಂಕ್ ಆಗೋವರ್ಗೂ, ಅಂದ್ರೆ ಆ ಕಂಪ್ಯೂಟರ್‌ಗೆ ಇಳಿಯೋವರ್ಗೂ, ಕಾಯಿರಿ. ಆಮೇಲೆ ನೋಟ್‌ಬುಕ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಎಕ್ಸ್‌ಪೋರ್ಟ್ ಅಂತ ಸಿಗುತ್ತೆ, ಅದರಲ್ಲಿ ಇಎನ್‌ಇಎಕ್ಸ್ (ENEX) ಅನ್ನೋ ಎವರ್‌ನೋಟ್‌ನದೇ ಫೈಲ್ ಫಾರ್ಮ್ಯಾಟೇ ಆರಿಸ್ಕೊಳಿ. ಎಚ್‌ಟಿಎಂಎಲ್ ಕೂಡ ಇರುತ್ತೆ, ಆದ್ರೆ ಬೇರೆ ಆ್ಯಪ್‌ಗಳು ಸರಿಯಾಗಿ ಓದೋದು ಇಎನ್‌ಇಎಕ್ಸ್, ನೋಟ್ ಬರೆದ ತಾರೀಖು, ಟ್ಯಾಗು, ಫೋಟೋ, ಪಿಡಿಎಫ್ ಎಲ್ಲಾ ಆ ಫೈಲ್ ಒಳಗೇ ಇರುತ್ತೆ. ಒಂದೊಂದೇ ನೋಟ್‌ಬುಕ್ ತೆಗೀರಿ, ಫೈಲಿಗೆ ಆ ನೋಟ್‌ಬುಕ್ ಹೆಸರೇ ಇಡಿ, ಇಲ್ಲಾಂದ್ರೆ ಅಮ್ಮನ ಹುಳಿ ಪುಡಿ ಅಳತೆ ಹೋಗಿ ಸಿಮೆಂಟ್ ಲೆಕ್ಕದ ಮಧ್ಯ ಕೂರುತ್ತೆ. ಇನ್ನೊಂದು ವಿಷ್ಯ ತುಂಬಾ ಜನ ಮರೀತಾರೆ, ನೋಟ್ ಒಳಗೆ ಯಾವ್ದಾದ್ರೂ ಸಾಲಿಗೆ ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿದ್ರೆ ಮೊದ್ಲು ಅದನ್ನ ಬಿಚ್ಚಿ, ಇಲ್ಲಾಂದ್ರೆ ಅದು ಲಾಕ್ ಆಗಿರೋ ಹಾಗೇ ಹೊರಗೆ ಬರುತ್ತೆ. ಒಂದು ನೋಟ್‌ನಿಂದ ಇನ್ನೊಂದಕ್ಕೆ ಕೊಟ್ಟಿರೋ ಲಿಂಕ್‌ಗಳು ಹೊಸ ಜಾಗದಲ್ಲಿ ಕೆಲಸ ಮಾಡ್ದೇ ಇರಬಹುದು, ಅದಕ್ಕೆ ತಯಾರಾಗಿರಿ.

ಎಲ್ಲಿಗೆ ಹೋಗೋದು ಅಂದ್ರೆ, ನಿಮ್ಮ ಥರ ಪಾಠ, ಲೆಕ್ಕ, ಅಡುಗೆ ಎಲ್ಲಾ ಇರೋರಿಗೆ ನಾನು ಜಾಪ್ಲಿನ್ ಅನ್ನೋ ನೋಟ್ಸ್ ಆ್ಯಪ್ ಹೇಳ್ತೀನಿ. ಓಪನ್ ಸೋರ್ಸ್ (ಅದರ ಕೋಡ್ ಯಾರು ಬೇಕಾದ್ರೂ ನೋಡ್ಬಹುದು), ಇಎನ್‌ಇಎಕ್ಸ್ ಫೈಲನ್ನ ನೇರ ಒಳಗೆ ತಗೊಳುತ್ತೆ, ಸಿಂಕ್ ಮಾಡೋಕೆ ನಿಮ್ಮ ಡ್ರಾಪ್‌ಬಾಕ್ಸ್ ಅಥವಾ ಒನ್‌ಡ್ರೈವ್ ಸಾಕು. ಅಬ್ಸಿಡಿಯನ್ ಕೂಡ ಒಳ್ಳೇದು, ಪ್ರತಿ ನೋಟೂ ನಿಮ್ಮ ಕಂಪ್ಯೂಟರ್‌ನಲ್ಲೇ ಒಂದು ಸಾದಾ ಟೆಕ್ಸ್ಟ್ ಫೈಲ್ ಆಗಿ ಕೂತಿರುತ್ತೆ, ಆ ಆ್ಯಪ್ ನಾಳೆ ಇಲ್ದೇ ಹೋದ್ರೂ ನೋಟ್‌ಪ್ಯಾಡ್‌ನಲ್ಲಿ ತೆಗೆದು ಓದ್ಬಹುದು, ಅವರದೇ ಸಿಂಕ್ ಬೇಕು ಅಂದ್ರೆ ಮಾತ್ರ ದುಡ್ಡು. ಮನೆಯಲ್ಲಿ ಮ್ಯಾಕ್ ಇದ್ರೆ ಆ್ಯಪಲ್ ನೋಟ್ಸ್ ಕೂಡ ಇಎನ್‌ಇಎಕ್ಸ್ ತಗೊಳುತ್ತೆ. ಗೂಗಲ್ ಕೀಪ್ ಬೇಡ, ಅದು ಸಾಮಾನು ಚೀಟಿಗೆ, ಥಟ್ ಅಂತ ಹೊಳೆದಿದ್ದು ಬರ್ಕೊಳೋಕೆ ಚೆನ್ನಾಗಿದೆ, ಫೋಲ್ಡರೇ ಇಲ್ಲದ ಕಡೆ 1,400 ನೋಟ್ ಇಟ್ರೆ ನಿಮಗೇ ಸಿಗಲ್ಲ.

ಹೊಸ ಆ್ಯಪ್‌ಗೆ ಹಾಕಿದ ಮೇಲೆ ಟೇಬಲ್ ಇರೋದೊಂದು, ಫೋಟೋ ಇರೋದೊಂದು, ಪಿಡಿಎಫ್ ಇರೋದೊಂದು, ಪೂರ್ತಿ ಕನ್ನಡದ್ದೊಂದು ನೋಟ್ ತೆಗೆದು ಹಳೇದರ ಪಕ್ಕ ಇಟ್ಟು ನೋಡಿ. ಎಲ್ಲಾ ಸರಿ ಇದ್ರೂ ಹಳೇ ಅಕೌಂಟ್ ಮೂರು ತಿಂಗಳು ಹಂಗೇ ಇರ್ಲಿ, ಇಎನ್‌ಇಎಕ್ಸ್ ಫೈಲ್‌ಗಳನ್ನ ಒಂದು ಪೆನ್‌ಡ್ರೈವ್‌ಗೂ ಹಾಕಿಡಿ. ದುಡ್ಡು ಕೊಟ್ಟು ಎವರ್‌ನೋಟ್‌ನಲ್ಲೇ ಇರೋದು ಯಾರಿಗೆ ಸರಿ ಅಂದ್ರೆ ದಿನಾ ಹತ್ತಾರು ಕಾಗದ ಸ್ಕ್ಯಾನ್ ಮಾಡಿ, ವೆಬ್‌ಪೇಜ್ ಕ್ಲಿಪ್ ಮಾಡಿ ಅದರ ಮೇಲೇ ಕೆಲಸ ಮಾಡೋರಿಗೆ. ನಿಮ್ಮ ಬಳಕೆಗೆ ಅಷ್ಟು ಖರ್ಚು ಬೇಕಿಲ್ಲ ಅನ್ಸುತ್ತೆ ನಂಗೆ.

ಪ್ರಶ್ನೆ: ಫೋನ್‌ನ ನೋಟ್ಸ್ ಆ್ಯಪ್‌ನಲ್ಲಿ ತೋಟದ ಕೆಲಸ ಎಲ್ಲಾ ಕನ್ನಡದಲ್ಲೇ ಬರೀತೀನಿ. ನಾನೇ ಬರೆದಿರೋ ಪದ ಹುಡುಕಿದ್ರೆ ಸಿಗಲ್ಲ. ಕನ್ನಡ ಬಿಟ್ಟು ಇಂಗ್ಲಿಷ್‌ನಲ್ಲೇ ಬರೀಬೇಕಾ?

ಉತ್ತರ: ಬಿಡ್ಬೇಡಿ ಸರ್, ದಯವಿಟ್ಟು. ಇದಕ್ಕೆ ದಾರಿ ಇದೆ. ನಮಗೆ ನೀರು, ನೀರಿಗೆ, ನೀರಿನ ಎಲ್ಲಾ ಒಂದೇ ಪದ, ಆ್ಯಪ್‌ಗೆ ಹಂಗಲ್ಲ, ಅದು ಬರೀ ಅಕ್ಷರ ಹೋಲಿಸಿ ನೋಡುತ್ತೆ. "ನೀರು" ಅಂತ ಹುಡುಕಿದ್ರೆ "ನೀರಿನ ಪಂಪು" ಸಿಗಲ್ಲ, ಯಾಕಂದ್ರೆ ಒಂದರಲ್ಲಿ ರು, ಇನ್ನೊಂದರಲ್ಲಿ ರಿ. ಕೊನೇ ಕೊಂಬು ತೆಗೆದು "ನೀರ" ಅಂತ ಹುಡುಕಿ ನೋಡಿ, ಒಳಗಡೆ ರು ಅನ್ನೋದು ರ ಆದ್ಮೇಲೆ ಕೊಂಬಿನ ಗುರುತು ಅಂತ ಬೇರೆ ಬೇರೆಯಾಗೇ ಇರುತ್ತೆ, ಹಾಗಾಗಿ ಎಷ್ಟೋ ಆ್ಯಪ್‌ಗಳಲ್ಲಿ ಮೂರೂ ಒಟ್ಟಿಗೆ ಬರುತ್ತೆ. ಮಾತು ಬದಲು ಮಾತ, ಗೊಬ್ಬರ ಇದ್ದಂಗೇ ಸಾಕು.

ಇನ್ನೊಂದು ಕಳ್ಳ ಇದೆ, ಸೊನ್ನೆ. ಸಂಖ್ಯೆ ಅಂತ ಬರೆಯೋವಾಗ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿದ್ರೆ ಸ೦ಖ್ಯೆ ಆಗುತ್ತೆ, ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಫೋನಿಗೆ ಎರಡೂ ಬೇರೆ ಪದ. ಫೋಟೋದಿಂದ ಎತ್ತಿದ ಅಕ್ಷರದಲ್ಲೂ ಇದು ನುಸುಳಿರುತ್ತೆ. ಸಾಫ್ಟ್‌ವೇರ್ ಥರದ ಪದಗಳಲ್ಲಿ ಟ್ ಆದ್ಮೇಲೆ ಒತ್ತಕ್ಷರ ಆಗ್ದೇ ಇರ್ಲಿ ಅಂತ ಕಾಣದೇ ಇರೋ ಒಂದು ಗುರುತು ಕೂತಿರುತ್ತೆ, ಒಂದು ಕೀಬೋರ್ಡ್ ಹಾಕುತ್ತೆ ಇನ್ನೊಂದು ಹಾಕಲ್ಲ, ಅದಕ್ಕೇ ಫೋನಲ್ಲೂ ಕಂಪ್ಯೂಟರಲ್ಲೂ ಬರೆಯೋರಿಗೆ ಹುಡುಕಾಟ ಕೈಕೊಡೋದು. ಹಳೇ ನುಡಿ, ಬರಹ ಫಾಂಟಲ್ಲಿ ಟೈಪ್ ಮಾಡಿದ್ದನ್ನ ತಂದು ಹಾಕಿದ್ರಂತೂ ಮೊದ್ಲು ಯೂನಿಕೋಡ್‌ಗೆ, ಅಂದ್ರೆ ಈಗಿನ ಫೋನ್, ಕಂಪ್ಯೂಟರ್ ಎಲ್ಲಾ ಓದೋ ಅಕ್ಷರದ ಪದ್ಧತಿಗೆ, ಬದಲಾಯಿಸ್ಲೇಬೇಕು.

ನಾನು ಮಾಡೋದು ಹೀಗೆ, ಪ್ರತಿ ನೋಟ್‌ನ ಮೊದಲ ಸಾಲಲ್ಲಿ ಎರಡು ಮೂರು ಪದ ಯಾವಾಗ್ಲೂ ಒಂದೇ ಥರ ಬರೀತೀನಿ. ನೀವು "ಅಡಿಕೆ ಔಷಧಿ ಜೂನ್" ಅಂತ ಹಾಕಿ ಕೆಳಗೆ ನಿಮ್ಮ ಮಾತಲ್ಲಿ ಎಷ್ಟು ಬೇಕಾದ್ರೂ ಬರ್ಕೊಳಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದಿದ್ದು ಯಾವಾಗ ಅಂತ ಹುಡುಕೋವಾಗ ಆ ಮೊದಲ ಸಾಲೇ ಕೈಗೆ ಸಿಗೋದು.

ಪ್ರಶ್ನೆ: ಆಧಾರ್ ಫೋಟೋ, ಎಟಿಎಂ ಪಿನ್ ಎಲ್ಲಾ ನೋಟ್ಸ್ ಆ್ಯಪ್‌ನಲ್ಲೇ ಇಟ್ಟಿದೀನಿ. ಪರ್ವಾಗಿಲ್ವಾ?

ಉತ್ತರ: ಬೇಡಮ್ಮ, ಇವತ್ತೇ ತೆಗೀರಿ. ಕೀಪ್ ಥರದ ಮಾಮೂಲಿ ಆ್ಯಪ್‌ಗಳಲ್ಲಿ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ (ನಿಮ್ಮನ್ನ ಬಿಟ್ರೆ ಕಂಪನಿಯೋರಿಗೂ ಓದೋಕಾಗದ ಬೀಗ) ಇರಲ್ಲ, ಲಾಕ್ ತೆಗೆದಿರೋ ಫೋನ್ ಯಾರ ಕೈಗೆ ಸಿಕ್ಕಿದ್ರೂ ಎಲ್ಲಾ ಅವರ ಕಣ್ಮುಂದೆ ಇರುತ್ತೆ. ಆಧಾರ್ ಡಿಜಿಲಾಕರ್‌ನಲ್ಲಿ ಇರ್ಲಿ, ಯಾರಿಗಾದ್ರೂ ಕಳ್ಸೋದಿದ್ರೆ ಕೊನೇ 4 ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿ ಕಳ್ಸಿ. ಪಾಸ್‌ವರ್ಡ್‌ಗಳಿಗೆ ಬಿಟ್‌ವಾರ್ಡನ್ ಥರದ ಪಾಸ್‌ವರ್ಡ್ ಮ್ಯಾನೇಜರ್ ಇದೆ, ಫ್ರೀನೇ. ಪಿನ್ ಮಾತ್ರ ಎಲ್ಲೂ ಬರೀಬೇಡಿ. ಅಳಿಸಿದ ಮೇಲೆ ಆ ಆ್ಯಪ್‌ನ ಟ್ರ್ಯಾಶ್ ಕೂಡ ಖಾಲಿ ಮಾಡಿ, ಕೀಪ್‌ನಲ್ಲಿ ಅಳಿಸಿದ ನೋಟ್ 7 ದಿನ ಅಲ್ಲೇ ಇರುತ್ತೆ, ಆ ಫೋಟೋ ಗ್ಯಾಲರಿಯಲ್ಲಿ ಇನ್ನೊಂದು ಕಾಪಿ ಇದ್ಯಾ ಅಂತಾನೂ ನೋಡಿ.