ಮಾಂಸವೋ, ಕೀಟೋವೋ, ಬರೀ ಸೊಪ್ಪು-ಕಾಳೋ? ರಕ್ತ ತೆಗೆಯುವವನ ಉತ್ತರ

ನಿಮ್ಮ ಪ್ರಶ್ನೆಯ ತಿರುಳು ಇಷ್ಟು: ವಯಸ್ಸು 41, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಲೆಕ್ಕ) 6.1, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) 240. ಮಾಂಸ, ಮೊಟ್ಟೆ ಬಿಟ್ಟು ಬೇರೇನನ್ನೂ ಮುಟ್ಟಬೇಡ ಎಂದು ಕಚೇರಿಯ ಗೆಳೆಯ ಹೇಳುತ್ತಾನೆ. ಜಿಮ್ಮಿನ ತರಬೇತುದಾರ ಕೀಟೋ ಎನ್ನುತ್ತಾನೆ, ಅಂದರೆ ಅನ್ನ-ಸಕ್ಕರೆ ತೀರಾ ಕಡಿಮೆ, ಕೊಬ್ಬು ಹೆಚ್ಚು. ಹಾಲು-ಮೊಸರನ್ನೂ ಬಿಟ್ಟು ಪೂರ್ತಿ ಸಸ್ಯಾಹಾರಕ್ಕೆ ಬನ್ನಿ ಎನ್ನುವುದು ಅತ್ತಿಗೆಯ ವಾದ. ಯಾರ ಮಾತು ಕೇಳಲಿ ಎಂದು ಕೇಳಿದ್ದೀರಿ.

ನಾನು ವೈದ್ಯನಲ್ಲ, ಬೆಂಗಳೂರಿನ ಒಂದು ರಕ್ತ ಪರೀಕ್ಷಾ ಕೇಂದ್ರದಲ್ಲಿ ತಂತ್ರಜ್ಞ. ಬೆಳಿಗ್ಗೆ ಆರೂವರೆಗೆ ಬಾಗಿಲು ತೆರೆದರೆ ಮೊದಲು ಬರುವವರು ವಾಕಿಂಗ್ ಮುಗಿಸಿದ ಹಿರಿಯರು, ಆಮೇಲೆ ಕಚೇರಿಗೆ ಓಡುವ ನಿಮ್ಮಂಥವರು. ಯಾರು ಯಾವ ಪಥ್ಯ ಹಿಡಿದಿದ್ದಾರೆ ಎಂದು ಅವರೇ ಹೇಳುತ್ತಾರೆ. ಅದು ಫಲ ಕೊಟ್ಟಿದೆಯೇ ಎಂಬುದನ್ನು ಸಂಜೆಯ ವರದಿ ಹೇಳುತ್ತದೆ.

ತೆಗೆದ ರಕ್ತವನ್ನು ಯಂತ್ರಕ್ಕಿಟ್ಟು ತಿರುಗಿಸಿದಾಗ ಕೆಂಪು ಭಾಗ ಟ್ಯೂಬಿನ ತಳಕ್ಕೆ ಇಳಿದು ಮೇಲೆ ಸೀರಮ್ ನಿಲ್ಲುತ್ತದೆ. ಅದು ತಿಳಿಯಾಗಿ, ನಸು ಹಳದಿಯಾಗಿ ಇರಬೇಕು. ಟ್ರೈಗ್ಲಿಸರೈಡ್ ತೀರಾ ಏರಿದವರದು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ ಕದಡಿರುತ್ತದೆ. ಇಂಥ ಟ್ಯೂಬುಗಳೆಲ್ಲ ಬಿರಿಯಾನಿ ಪ್ರಿಯರದೇ ಎಂದುಕೊಳ್ಳಬೇಡಿ. "ನಾವು ಮೊಟ್ಟೆಯನ್ನೂ ಮುಟ್ಟುವವರಲ್ಲ, ಕೊಬ್ಬು ಎಲ್ಲಿಂದ ಬಂತು?" ಎಂದು ವರದಿ ಹಿಡಿದು ಜಗಳಕ್ಕೆ ಬರುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಬಂದದ್ದು ಅನ್ನದಿಂದ, ಮೈದಾದಿಂದ, ಸಕ್ಕರೆಯಿಂದ. ದೇಹಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಪಿಷ್ಟ, ಸಕ್ಕರೆ ಒಳಗೆ ಹೋದರೆ ಯಕೃತ್ತು ಅದನ್ನು ಕೊಬ್ಬಾಗಿ ಮಾಡಿ ರಕ್ತಕ್ಕೆ ಬಿಡುತ್ತದೆ. ಮದ್ಯವೂ ಅದೇ ಕೆಲಸ ಮಾಡುತ್ತದೆ.

ಅತ್ತಿಗೆಯವರ ವಾದದ ತೊಡಕು ಇಲ್ಲೇ ಇದೆ. ಸಸ್ಯಾಹಾರ ಒಳ್ಳೆಯದು ಎಂದು ಹೇಳುವ ಪಾಶ್ಚಾತ್ಯ ಅಧ್ಯಯನಗಳ ತಟ್ಟೆಯಲ್ಲಿ ಕಾಳು, ತರಕಾರಿ, ಹಣ್ಣು, ಇಡಿಧಾನ್ಯ ಇರುತ್ತವೆ. ನಮ್ಮೂರಿನ ಸಸ್ಯಾಹಾರಿಯ ದಿನ ದರ್ಶಿನಿಯ ಚೌಚೌ ಬಾತಿನಿಂದ ಶುರುವಾಗುತ್ತದೆ. ಮಧ್ಯಾಹ್ನ ಡಬ್ಬಿಯ ಚಿತ್ರಾನ್ನ, ಸಂಜೆ ಬಿಸ್ಕತ್ತಿನ ಜೊತೆ ಸಕ್ಕರೆ ಹಾಕಿದ ಕಾಫಿ, ರಾತ್ರಿ ಅನ್ನ-ತಿಳಿಸಾರು. ಆ ಸಾರಿನಲ್ಲಿ ಬೇಳೆ ಸಿಗಬೇಕಾದರೆ ಸೌಟನ್ನು ಪಾತ್ರೆಯ ತಳಕ್ಕೇ ಇಳಿಸಬೇಕು. ಮಧುಮೇಹದ ಬಗ್ಗೆ ದೇಶದಾದ್ಯಂತ ನಡೆದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತೀಯರ ಕ್ಯಾಲೊರಿಯಲ್ಲಿ ಶೇ 62ರಷ್ಟು ಬರುವುದು ಕಾರ್ಬೊಹೈಡ್ರೇಟಿನಿಂದ. ಧಾನ್ಯಗಳ ಪಾಲು ಶೇ 45 ಮೀರಬಾರದು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಇಂಥ ತಟ್ಟೆಯಿಂದ ಮೊಸರನ್ನೂ ತೆಗೆದರೆ ಉಳಿಯುವುದೇನು? ಹಾಲು-ಮೊಸರನ್ನು ಪೂರ್ತಿ ಬಿಟ್ಟವರು ಬಿ12 ಮಾತ್ರೆ ತೆಗೆದುಕೊಳ್ಳಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ. ಸಸ್ಯಗಳಿಂದ ಅದು ಸಿಗುವುದಿಲ್ಲ. ಹಾಲು ಕುಡಿಯುವ ಸಸ್ಯಾಹಾರಿಗಳಲ್ಲೇ ಬಿ12 ಕಡಿಮೆ ಇರುವುದನ್ನು ದಿನವೂ ನೋಡುತ್ತೇನೆ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರಲ್ಲಿ ಅದು ಇನ್ನಷ್ಟು ಇಳಿಯಬಹುದು.

ರಾಗಿಯ ವಿಷಯಕ್ಕೆ ಬರೋಣ, ಏಕೆಂದರೆ ಇದನ್ನು ಕೇಳದವರೇ ಇಲ್ಲ. "ಅನ್ನ ಬಿಟ್ಟು ಮುದ್ದೆಗೆ ಬಂದೆ, ಆದರೂ ಸಕ್ಕರೆ ಇಳಿಯಲಿಲ್ಲ." ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದಂಶ ಅಕ್ಕಿಗಿಂತ ಎಷ್ಟೋ ಪಾಲು ಹೆಚ್ಚು, ನಿಜ. ಆದರೆ ನೂರು ಗ್ರಾಂ ರಾಗಿಯಲ್ಲಿ ಕಾರ್ಬೊಹೈಡ್ರೇಟ್ 67 ಗ್ರಾಮಿನಷ್ಟಿದೆ, ಅಕ್ಕಿಯಲ್ಲಿ 78. ನುಣ್ಣನೆಯ ಹಿಟ್ಟನ್ನು ಬೇಯಿಸಿ, ಅಗಿಯದೆ ನುಂಗುವ ಎರಡು ದಪ್ಪ ಮುದ್ದೆ ಸಕ್ಕರೆಯನ್ನು ಸುಮ್ಮನೆ ಬಿಡುವುದಿಲ್ಲ. ಹೊಲದಲ್ಲಿ ದುಡಿಯುತ್ತಿದ್ದ ಅಜ್ಜನಿಗೆ ಅದು ಸರಿಯಾಗಿತ್ತು. ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಕುಳಿತೇ ಇರುವ ನಿಮಗೆ ಅರ್ಧ ಮುದ್ದೆ ಸಾಕು. ಅದರ ಸುತ್ತ ಬಸ್ಸಾರಿನ ಸೊಪ್ಪು, ಹುರುಳಿಕಾಳು, ಎರಡು ಮೊಟ್ಟೆ ಅಥವಾ ನಾಟಿಕೋಳಿ ಸಾರು ಧಾರಾಳವಾಗಿರಲಿ.

ಕೀಟೋ ಹಿಡಿದವರ ವರದಿಯಲ್ಲಿ ಸಕ್ಕರೆ, ಟ್ರೈಗ್ಲಿಸರೈಡ್ ಎರಡೂ ಇಳಿದಿರುವುದನ್ನು ಕಂಡಿದ್ದೇನೆ, ಇದನ್ನು ಅಲ್ಲಗಳೆಯುವವರು ವರದಿ ನೋಡಿಲ್ಲ. ಆದರೆ ಕೆಲವರಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಗಾಬರಿಯಾಗುವಷ್ಟು ಏರುತ್ತದೆ, ಅದರಲ್ಲೂ ಕಾಫಿಗೂ ಬೆಣ್ಣೆ ಹಾಕಿ ಕುಡಿಯುವವರಲ್ಲಿ. ಅದು ಲೆಕ್ಕಕ್ಕಿಲ್ಲ ಎಂದು ತರಬೇತುದಾರ ಹೇಳಿದರೆ ನಂಬಬೇಡಿ. ಈ ಉತ್ತರ ಓದುವ ಬೇರೆಯವರಿಗೂ ಒಂದು ಮಾತು: ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರಿಗೆ ಹೇಳದೆ ಅನ್ನ ನಿಲ್ಲಿಸಿದರೆ ಸಕ್ಕರೆ ಕುಸಿದು ಬೀಳಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಧುಮೇಹದ ಮಾತ್ರೆ ನುಂಗುವವರಿಗೆ ಕೀಟೋ ಇನ್ನೂ ಅಪಾಯ, ಸಕ್ಕರೆ ಹೆಚ್ಚಾಗದೆಯೇ ರಕ್ತ ಆಮ್ಲೀಯವಾಗಿ ಆಸ್ಪತ್ರೆ ಸೇರಬೇಕಾದೀತು.

ಬರೀ ಮಾಂಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. 1928ರಲ್ಲಿ ಧ್ರುವ ಪ್ರದೇಶದ ಅನ್ವೇಷಕ ಸ್ಟೆಫಾನ್ಸನ್ ಮತ್ತು ಅವರ ಸಂಗಡಿಗರೊಬ್ಬರು ನ್ಯೂಯಾರ್ಕಿನಲ್ಲಿ ವೈದ್ಯರ ನಿಗಾದಲ್ಲಿ ಒಂದು ವರ್ಷ ಮಾಂಸವನ್ನಷ್ಟೇ ತಿಂದು ಗಟ್ಟಿಮುಟ್ಟಾಗಿಯೇ ಇದ್ದರು. ನಿಮ್ಮ ಗೆಳೆಯ ಇದನ್ನು ಹೇಳಿಯೇ ಹೇಳಿರುತ್ತಾನೆ. ಇಬ್ಬರ ಒಂದು ವರ್ಷವನ್ನು ನೋಡಿ ನಿಮ್ಮ ಮುಂದಿನ ಮೂವತ್ತು ವರ್ಷವನ್ನು ನಿರ್ಧರಿಸುವುದು ನನಗೆ ಸರಿಕಾಣುವುದಿಲ್ಲ. ಸಾಸೇಜು, ಬೇಕನ್ ತರಹದ ಸಂಸ್ಕರಿಸಿದ ಮಾಂಸವನ್ನಂತೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಭಾನುವಾರದ ಮಿಲಿಟರಿ ಹೋಟೆಲಿನ ಕೋಳಿ ಸಾರು ಆ ಪಟ್ಟಿಯಲ್ಲಿಲ್ಲ, ಹೆದರಬೇಡಿ; ಮಟನ್‌ನಂಥ ಕೆಂಪು ಮಾಂಸವನ್ನು ಮಾತ್ರ ಅದು 'ಬಹುಶಃ ಕ್ಯಾನ್ಸರ್‌ಕಾರಕ' ಎಂದಿದೆ.

ಪಂಗಡಗಳ ಜಗಳ ಬಗೆಹರಿಯದಿರಲು ಒಂದು ಕಾರಣ, ಒಂದೇ ಅಧ್ಯಯನದ ಅರ್ಧರ್ಧವನ್ನು ಇಬ್ಬರೂ ಹಂಚಿಕೊಂಡಿರುವುದು. ಅಮೆರಿಕದಲ್ಲಿ ಸಂಶೋಧಕ ಕೆವಿನ್ ಹಾಲ್ ತಂಡ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು, ಎರಡು ವಾರ ಕಡಿಮೆ ಕೊಬ್ಬಿನ ಸಸ್ಯಾಹಾರ, ಎರಡು ವಾರ ಮಾಂಸಪ್ರಧಾನ ಕೀಟೋ ಆಹಾರವನ್ನು ಬೇಕಾದಷ್ಟು ತಿನ್ನಲು ಕೊಟ್ಟಿತು. ಸಸ್ಯಾಹಾರದ ದಿನಗಳಲ್ಲಿ ಅವರು ತಾವಾಗಿಯೇ ದಿನಕ್ಕೆ ಸುಮಾರು 690 ಕ್ಯಾಲೊರಿ ಕಡಿಮೆ ತಿಂದರು. ಊಟದ ನಂತರದ ಸಕ್ಕರೆ ಮತ್ತು ಇನ್ಸುಲಿನ್ ಕಡಿಮೆ ಇದ್ದದ್ದು ಕೀಟೋದಲ್ಲಿ. 2021ರಲ್ಲಿ ಬಂದ ಈ ಫಲಿತಾಂಶವನ್ನು ಅತ್ತಿಗೆಯೂ ಉದಾಹರಿಸಬಹುದು, ತರಬೇತುದಾರನೂ ಉದಾಹರಿಸಬಹುದು. ಅದಕ್ಕಿಂತ ನನಗೆ ಹಿಡಿಸಿದ್ದು 2018ರಲ್ಲಿ ಸ್ಟ್ಯಾನ್‌ಫರ್ಡಿನಿಂದ ಪ್ರಕಟವಾದದ್ದು. 609 ಜನ, ಒಂದು ವರ್ಷ; ಅರ್ಧ ಜನರಿಗೆ ಕೊಬ್ಬು ಕಡಿಮೆ, ಉಳಿದವರಿಗೆ ಕಾರ್ಬೊಹೈಡ್ರೇಟ್ ಕಡಿಮೆ. ಸರಾಸರಿ ಇಳಿದ ತೂಕ 5.3 ಕೆ.ಜಿ. ಮತ್ತು 6 ಕೆ.ಜಿ., ಹೇಳಿಕೊಳ್ಳುವಂಥ ವ್ಯತ್ಯಾಸವಲ್ಲ. ಎರಡೂ ಗುಂಪಿಗೆ ಒಂದೇ ರೀತಿ ಹೇಳಿದ್ದ ಮಾತೊಂದಿತ್ತು: ಸಕ್ಕರೆ, ಮೈದಾ ಬಿಡಿ, ತರಕಾರಿ ಹೆಚ್ಚು ತಿನ್ನಿ.

ಆದ್ದರಿಂದ ನಿಮ್ಮ ಸಂಖ್ಯೆಗಳಿಗೆ ನನ್ನ ಅಭಿಪ್ರಾಯ: ಮಾಂಸ ತಿನ್ನಬೇಕೇ ಬಿಡಬೇಕೇ ಎಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಅನ್ನ, ಮೈದಾ, ಸಕ್ಕರೆಯನ್ನು ಈಗಿನ ಅರ್ಧಕ್ಕೆ ಇಳಿಸಿ. ಖಾಲಿಯಾದ ಜಾಗವನ್ನು ಕಾಳು, ಸೊಪ್ಪು, ಮೊಸರು, ತಿನ್ನುವವರಾದರೆ ಮೊಟ್ಟೆ-ಮೀನು-ಕೋಳಿಯಿಂದ ತುಂಬಿಸಿ. ಗೆಳೆಯನಿಗೂ ಅತ್ತಿಗೆಗೂ ಇದರಲ್ಲಿ ತಕರಾರು ಇರುತ್ತದೆ, ಇರಲಿ.

ಶುರುಮಾಡುವ ಮುನ್ನ ಎಚ್‌ಬಿಎ1ಸಿ, ಲಿಪಿಡ್ (ರಕ್ತದ ಕೊಬ್ಬು), ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವುದು), ಬಿ12 ಮಾಡಿಸಿ ವೈದ್ಯರಿಗೆ ತೋರಿಸಿ. ಮುಂದಿನ ಎಚ್‌ಬಿಎ1ಸಿ ಮೂರು ತಿಂಗಳ ನಂತರ, ಅದೇ ಕೇಂದ್ರದಲ್ಲಿ. ಈ ಪರೀಕ್ಷೆ ಅಳೆಯುವುದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯನ್ನು, ಆ ಕಣದ ಆಯುಸ್ಸು ಸುಮಾರು 120 ದಿನ; ಮೂರು ತಿಂಗಳಿಗೂ ಮೊದಲೇ ನೋಡಿದರೆ ಹಳೆಯ ಊಟದ ಲೆಕ್ಕವೇ ಬರುತ್ತದೆ. ಇನ್ನೊಂದು, ಖಾಲಿ ಹೊಟ್ಟೆ ಎಂದರೆ ಕಾಫಿ ಬೇಡ ಎಂದರ್ಥವೇ ಹೊರತು ನೀರು ಬೇಡ ಎಂದಲ್ಲ. ಎರಡು ಲೋಟ ಕುಡಿದು ಬನ್ನಿ, ನರ ಬೇಗ ಸಿಗುತ್ತದೆ.