ರಾಷ್ಟ್ರಪತಿ ಚುನಾವಣೆಯಲ್ಲಿ ಕೇರಳದ ಮಂಜೇಶ್ವರದ ಶಾಸಕರ ಮತದ ಮೌಲ್ಯ 152, ಗಡಿಯ ತಲಪಾಡಿಯ ಆಚೆ ಕರ್ನಾಟಕದ ಶಾಸಕರ ಮತದ ಮೌಲ್ಯ 131. ಈ ವ್ಯತ್ಯಾಸ ಏಕೆ?

ಒಬ್ಬ ಶಾಸಕರು ಸರಾಸರಿ ಎಷ್ಟು ಜನರನ್ನು ಪ್ರತಿನಿಧಿಸುತ್ತಾರೆ ಎಂಬುದರ ಮೇಲೆ ಅವರ ಮತದ ಮೌಲ್ಯ ನಿಗದಿಯಾಗುತ್ತದೆ. ಕೇರಳದಲ್ಲಿ ಆ ಸರಾಸರಿ ಕರ್ನಾಟಕಕ್ಕಿಂತ ಹೆಚ್ಚು.

ರಾಷ್ಟ್ರಪತಿಯನ್ನು ನಾವು ನೇರವಾಗಿ ಆರಿಸುವುದಿಲ್ಲ. ಸಂಸತ್ತಿನ ಹಾಗೂ ವಿಧಾನಸಭೆಗಳ ಚುನಾಯಿತ ಸದಸ್ಯರು ಗುಪ್ತ ಮತದಾನದಿಂದ ಆರಿಸುತ್ತಾರೆ. ನಾಮಕರಣಗೊಂಡವರಿಗೆ ಇಲ್ಲಿ ಮತವಿಲ್ಲ. ಸಂವಿಧಾನದ 55ನೇ ವಿಧಿಯಂತೆ ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ 1000ದಿಂದ ಭಾಗಿಸಿದರೆ ಒಂದು ಮತದ ಮೌಲ್ಯ ಸಿಗುತ್ತದೆ. ಕೇರಳದ ಸುಮಾರು 2.13 ಕೋಟಿ ಜನರಿಗೆ 140 ಶಾಸಕರಾದರೆ, ಕರ್ನಾಟಕದ ಸುಮಾರು 2.93 ಕೋಟಿ ಜನರಿಗೆ 224 ಶಾಸಕರು. ಹೀಗಾಗಿ ಒಟ್ಟು ಜನಸಂಖ್ಯೆ ಕರ್ನಾಟಕದ್ದೇ ದೊಡ್ಡದಾದರೂ ತಲಾ ಲೆಕ್ಕದಲ್ಲಿ ಕೇರಳದ ಶಾಸಕರ ಮತ ಹೆಚ್ಚು ತೂಗುತ್ತದೆ.

ಈ ಸಂಖ್ಯೆಗಳು ಇಂದಿನವಲ್ಲ, 1971ರ ಜನಗಣತಿಯವು. ಜನಸಂಖ್ಯೆಯನ್ನು ಹತೋಟಿಗೆ ತಂದ ರಾಜ್ಯಗಳು ಅದೇ ಕಾರಣಕ್ಕೆ ದೆಹಲಿಯಲ್ಲಿ ಪ್ರಭಾವ ಕಳೆದುಕೊಳ್ಳಬಾರದೆಂಬ ಉದ್ದೇಶದಿಂದ, 2026ರ ನಂತರದ ಮೊದಲ ಜನಗಣತಿಯ ಅಂಕಿಅಂಶ ಪ್ರಕಟವಾಗುವವರೆಗೆ ಇವನ್ನೇ ಬಳಸಬೇಕೆಂದು ಸಂವಿಧಾನಕ್ಕೆ ತಿದ್ದುಪಡಿ ತರಲಾಗಿದೆ; ಕೇರಳದಂಥ ರಾಜ್ಯದ ಮಟ್ಟಿಗೆ ಇದು ನ್ಯಾಯವಾದ ರಕ್ಷಣೆ ಎಂದೇ ನನ್ನ ಅಭಿಪ್ರಾಯ.

ಸಂಸದರ ಮತಕ್ಕೆ ಮಾತ್ರ ರಾಜ್ಯಭೇದವಿಲ್ಲ. ದೇಶದ ಎಲ್ಲ ಶಾಸಕರ ಮತಗಳ ಒಟ್ಟು ಮೌಲ್ಯವನ್ನು ಚುನಾಯಿತ ಸಂಸದರ ಸಂಖ್ಯೆಯಿಂದ ಭಾಗಿಸುವುದರಿಂದ ಸಂಸತ್ತಿನ ತೂಕವೂ ರಾಜ್ಯಗಳ ತೂಕವೂ ಬಹುಮಟ್ಟಿಗೆ ಸಮವಾಗುತ್ತವೆ. 2022ರ ಚುನಾವಣೆಯಲ್ಲಿ ಕಾಸರಗೋಡಿನ ಸಂಸದರ ಮತಕ್ಕೂ ದಕ್ಷಿಣ ಕನ್ನಡದ ಸಂಸದರ ಮತಕ್ಕೂ ಇದ್ದ ಮೌಲ್ಯ ಒಂದೇ, 700.