ವರ್ಷದ ಕೊನೆಗೆ ಏನನ್ನಾದರೂ ಬರೆಯುವ ಮೊದಲು ಹಳೆಯ ಕ್ಯಾಲೆಂಡರನ್ನು ಓದಿ

ಪ್ರತಿ ಜನವರಿಯಲ್ಲೂ ಹೊಸ ಡೈರಿ ಕೊಂಡು ಎರಡನೆಯ ವಾರಕ್ಕೇ ಕೈಬಿಡುವುದಾಗಿ ಬರೆದಿದ್ದೀರಿ. ದಿನವೂ ಬರೆಯಲಾಗದವರು ವರ್ಷದ ಕೊನೆಯಲ್ಲಿ ಒಮ್ಮೆ ಕುಳಿತು ಇಡೀ ವರ್ಷದ ಬಗ್ಗೆ ಬರೆದರೆ ಪ್ರಯೋಜನವಾದೀತೇ, ಹಾಗಿದ್ದರೆ ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ಒಂಬತ್ತು ವರ್ಷಗಳಿಂದ ಹಾಗೆಯೇ ಬರೆಯುತ್ತ ಬಂದಿರುವ ನಾನು ಖಂಡಿತ ಪ್ರಯೋಜನವಿದೆ ಎನ್ನುತ್ತೇನೆ. ಆದರೆ ದಯವಿಟ್ಟು ನೆನಪಿನಿಂದ ಆರಂಭಿಸಬೇಡಿ.

ಡಿಸೆಂಬರಿನಲ್ಲಿ ಕುಳಿತು ‘ಈ ವರ್ಷ ಹೇಗಿತ್ತು’ ಎಂದು ಕೇಳಿಕೊಂಡರೆ, ಮನಸ್ಸು ಹೆಚ್ಚಾಗಿ ಕಳೆದ ಎರಡು ತಿಂಗಳ ಸುದ್ದಿಯನ್ನೇ ಇಡೀ ವರ್ಷದ್ದೆಂದು ಹೇಳಿಬಿಡುತ್ತದೆ. ಅದಕ್ಕೂ ಹಿಂದಿನದರಲ್ಲಿ ದೊಡ್ಡ ಸಂಭ್ರಮಗಳು, ದೊಡ್ಡ ಜಗಳಗಳು ಮಾತ್ರ ಉಳಿದಿರುತ್ತವೆ, ಅವೂ ನಮಗೆ ಬೇಕಾದಂತೆ ರೂಪ ಬದಲಿಸಿಕೊಂಡಿರುತ್ತವೆ. ಆದ್ದರಿಂದ ಪೆನ್ನು ಹಿಡಿಯುವ ಮೊದಲು ವರ್ಷದ ಗುರುತುಗಳನ್ನು ಮುಂದಿಟ್ಟುಕೊಳ್ಳಬೇಕು.

ನನ್ನ ಪಾಲಿಗೆ ಆ ಗುರುತು ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ನೇತುಹಾಕಿರುವ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರು. ಅದರ ಚೌಕಗಳಲ್ಲಿ ಅಮ್ಮ ಹಾಲಿನ ಲೆಕ್ಕ, ಹೊಸ ಗ್ಯಾಸ್ ಸಿಲಿಂಡರ್ ಹಾಕಿದ ದಿನ, ಚೀಟಿಯ ಕಂತು, ಬಂದುಹೋದ ನೆಂಟರು, ಎಲ್ಲವನ್ನೂ ಪುಟ್ಟ ಅಕ್ಷರಗಳಲ್ಲಿ ಬರೆದಿಡುತ್ತಾರೆ. ನಾಲ್ಕು ವರ್ಷಗಳ ಹಿಂದೆ ನಾನು ವರ್ಷದ ಕೊನೆಗೆ ಬರೆಯಲು ಕುಳಿತ ಮೊದಲ ಸಂಜೆಯೇ, ಕ್ಯಾಲೆಂಡರನ್ನು ನೋಡದೆ, ‘ತೋಟದ ಪಾಲಿನ ವಿಷಯಕ್ಕೆ ಮಾತು ಬೆಳೆದ ಮೇಲೆ ಅಣ್ಣ ಈ ಮನೆಯ ಕಡೆ ತಲೆಹಾಕಲಿಲ್ಲ’ ಎಂದು ಬರೆದಿದ್ದೆ. ಮರುದಿನ ಹಾಳೆಗಳನ್ನು ತಿರುವುತ್ತಿದ್ದಾಗ ಜೂನ್, ಆಗಸ್ಟ್, ಅಕ್ಟೋಬರ್ ತಿಂಗಳುಗಳ ಒಂದೊಂದು ಚೌಕದಲ್ಲಿ ‘ದೊಡ್ಡವನು ಬಂದಿದ್ದ, ಅರ್ಧ ಲೀಟರ್ ಹೆಚ್ಚು’ ಎಂಬ ಅಮ್ಮನ ಅಕ್ಷರ ಕಣ್ಣಿಗೆ ಬಿತ್ತು. ಮೂರೂ ವಾರದ ನಡುವಿನ ದಿನಗಳು, ನಾನು ಕಚೇರಿಯಲ್ಲಿರುವ ದಿನಗಳು. ಹಿಂದಿನ ಸಂಜೆಯ ವಾಕ್ಯವನ್ನು ನಾನು ಹೊಡೆದುಹಾಕಲಿಲ್ಲ. ಅದರ ಕೆಳಗೆ ‘ಅಣ್ಣ ಬಂದಿದ್ದಾನೆ, ನಾನಿಲ್ಲದ ಹೊತ್ತು ನೋಡಿಕೊಂಡು ಬಂದಿದ್ದಾನೆ, ಏಕೆಂದರೆ’ ಎಂದು ಬರೆದು ಬಹಳ ಹೊತ್ತು ಸುಮ್ಮನೆ ಕುಳಿತೆ. ಆ ವಾಕ್ಯವನ್ನು ಮುಗಿಸಬೇಕಾದರೆ, ಪಾಲಿನ ಮಾತುಕತೆಗೆ ಕುಳಿತ ದಿನ ಹಿರಿಯರ ಎದುರು ನಾನು ಅವನಿಗೆ ಆಡಿದ ಒಂದು ಮಾತನ್ನು ನನ್ನ ಕೈಯಿಂದಲೇ ಬರೆಯಬೇಕಾಗಿತ್ತು. ಬರೆದೆ. ಮುಂದಿನ ಭಾನುವಾರ ಅವನ ಮನೆಗೆ ಹೋದೆ.

‘ಏಕೆಂದರೆ’ ಎಂಬ ಪದದ ಮೇಲೆ ನಾನು ಇಷ್ಟು ಒತ್ತು ಕೊಡುವುದಕ್ಕೆ ನನ್ನ ಅನುಭವದ ಜೊತೆಗೆ ಮತ್ತೊಂದು ಆಧಾರವೂ ಇದೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಅವರು ಸಾಂಡ್ರಾ ಬೀಲ್ ಅವರೊಂದಿಗೆ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲೇಜು ವಿದ್ಯಾರ್ಥಿಗಳಿಗೆ ಸತತ 4 ದಿನ, ದಿನಕ್ಕೆ 15 ನಿಮಿಷ ಬರೆಯಲು ಹೇಳಲಾಗಿತ್ತು. ಮನಸ್ಸನ್ನು ಕಲಕಿದ ಘಟನೆಯನ್ನೂ ಆಗ ತಮಗೆ ಅನ್ನಿಸಿದ್ದನ್ನೂ ಸೇರಿಸಿ ಬರೆದವರು ಬರೆದ ಕೂಡಲೇ ಇನ್ನಷ್ಟು ಕುಗ್ಗಿದ್ದರೂ, ಮುಂದಿನ ತಿಂಗಳುಗಳಲ್ಲಿ ಕಾಯಿಲೆಯೆಂದು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ದಿನದಿಂದ ದಿನಕ್ಕೆ ಬರಹದಲ್ಲಿ ಕಾರಣವನ್ನು ಹುಡುಕುವ ಪದಗಳು, ‘ಈಗ ಅರ್ಥವಾಗುತ್ತಿದೆ’ ಎಂಬಂಥ ಮಾತುಗಳು ಹೆಚ್ಚುತ್ತ ಹೋದವರಿಗೆ ಹೆಚ್ಚು ಒಳಿತಾಯಿತೆಂದು ಅವರ ಮುಂದಿನ ಅಧ್ಯಯನಗಳಲ್ಲಿ ಕಂಡುಬಂದಿತು. ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸರಾಸರಿ ಪರಿಣಾಮ ಚಿಕ್ಕದೆಂದೇ ತಿಳಿದಿದೆ, ಆದ್ದರಿಂದ ಪವಾಡವನ್ನು ನಿರೀಕ್ಷಿಸಬೇಡಿ. ಮನೆಯಲ್ಲಿ ಇತ್ತೀಚೆಗೆ ಸಾವು ಸಂಭವಿಸಿದ್ದರೆ, ಆ ಗಾಯವನ್ನು ಈ ಡಿಸೆಂಬರಿನಲ್ಲಿಯೇ ಕೆದಕಬೇಕಾಗಿಲ್ಲ.

ತಾರೀಖು ಮುದ್ರಿಸಿರುವ ಡೈರಿ ನಿಮಗೆ ಬೇಡ ಎಂದು ನನಗೆ ತೋರುತ್ತದೆ, ಅದರ ಖಾಲಿ ಪುಟಗಳನ್ನು ಕಂಡಾಗಲೆಲ್ಲ ತಪ್ಪು ಮಾಡಿದ ಭಾವನೆ ಬರುತ್ತದೆ. ನೂರು ಪುಟದ ಗೆರೆ ಹಾಕಿದ ನೋಟ್‌ಬುಕ್ ಸಾಕು. ಡಿಸೆಂಬರಿನ ಕೊನೆಯ ವಾರದಲ್ಲಿ ಮೂರು ಸಂಜೆ, ಊಟವಾದ ಮೇಲೆ ಇಪ್ಪತ್ತು ನಿಮಿಷ ನಾನು ಬರೆಯುತ್ತೇನೆ. ಯುಗಾದಿಯ ದಿನ ಪಂಚಾಂಗ ಓದುವಾಗ ಪ್ರತಿ ರಾಶಿಗೂ ಮುಂಬರುವ ವರ್ಷದ ಆಯ-ವ್ಯಯ ಹೇಳುತ್ತಾರಲ್ಲ, ಅದೇ ಹೆಸರುಗಳನ್ನು ಎರವಲು ಪಡೆದು, ಕಳೆದ ವರ್ಷ ಬಂದದ್ದನ್ನು ಒಂದು ಪುಟದಲ್ಲಿ, ಹೋದದ್ದನ್ನು ಎದುರಿನ ಪುಟದಲ್ಲಿ ಬರೆಯುತ್ತೇನೆ. ಹಣವಷ್ಟೇ ಅಲ್ಲದೆ ನಿದ್ದೆ, ಸ್ನೇಹ, ಓದು, ಮುನಿಸು ಎಲ್ಲವೂ ಅಲ್ಲಿ ಜಮಾ ಆಗುತ್ತವೆ. ಹೊಸ ವರ್ಷದ ಸಂಕಲ್ಪಗಳನ್ನು ಮಾತ್ರ ಅದರಲ್ಲಿ ಸೇರಿಸುವುದಿಲ್ಲ.

ನಮ್ಮಲ್ಲಿ ವರ್ಷ ಎರಡು ಸಲ ತಿರುಗುತ್ತದೆ ಎಂಬುದು ಈ ಅಭ್ಯಾಸಕ್ಕೆ ಒದಗಿಬಂದ ಭಾಗ್ಯವೆಂದು ನಾನು ತಿಳಿದಿದ್ದೇನೆ. ಡಿಸೆಂಬರಿನಲ್ಲಿ ಬರೆದದ್ದನ್ನು ಮುಚ್ಚಿಟ್ಟು ಯುಗಾದಿಯಂದು ಬೇವು-ಬೆಲ್ಲ ತಿಂದ ಮೇಲೆ ತೆರೆದು ಓದುತ್ತೇನೆ. ವಿಶ್ವಾವಸು ಸಂವತ್ಸರದ ಯುಗಾದಿ ಬಂದದ್ದು 2025ರ ಮಾರ್ಚ್ 30ರಂದು. ಬಡ್ತಿಗಾಗಿ ಬೇರೆ ಊರಿಗೆ ಹೋಗಲು ಒಪ್ಪದಿದ್ದುದನ್ನು ಮೂರು ತಿಂಗಳ ಹಿಂದೆ ವ್ಯಯದ ಪುಟದಲ್ಲಿ ಬರೆದಿದ್ದೆ. ಆ ದಿನ ಓದುವಾಗ, ಅದು ಆ ಪುಟಕ್ಕೆ ಸೇರಿದ್ದು ಹೌದೇ ಎಂಬ ಸಂದೇಹ ಮೂಡಿ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಅದು ಹಾಗೆಯೇ ಇದೆ.

ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿ ಯಾರೂ ಏನೂ ಬರೆಯುವುದಿಲ್ಲವಾದರೆ ಬ್ಯಾಂಕಿನ ಪಾಸ್‌ಬುಕ್, ಫೋನಿನಲ್ಲಿರುವ ಫೋಟೋಗಳು, ಬಸ್ಸು-ರೈಲಿನ ಟಿಕೆಟ್‌ಗಳು ಅದೇ ಕೆಲಸವನ್ನು ಮಾಡುತ್ತವೆ. ಬರೆಯುವವರಿದ್ದರೆ, ಹಳೆಯ ಕ್ಯಾಲೆಂಡರನ್ನು ಎತ್ತಿಡುವಂತೆ ಅವರಿಗೆ ಈಗಲೇ ಹೇಳಿಡಿ. ಹೇಳದಿದ್ದರೆ, ಹೊಸತು ಗೋಡೆಗೆ ಏರಿದ ಮರುದಿನವೇ ಅದರ ಹಾಳೆಗಳು ಅಡುಗೆಮನೆಯ ಡಬ್ಬಿಗಳ ಕೆಳಗೆ ಹಾಸಲು ಹೋಗಿಬಿಡುತ್ತವೆ.